ಸಿಹಿ ಹರಳು, ಹಸಿರು ಬೆಳಕು

ಕಲ್ಲುಸಕ್ಕರೆಯ ಒಂದು ಹರಳನ್ನು ನುಣ್ಣಗೆ ಪುಡಿಮಾಡಿ, ಕಣ್ಣಿಗೆ ಕಾಣದ ಅವಕೆಂಪು ಲೇಸರ್ ಕಿರಣವನ್ನು ಅದರ ಮೇಲೆ ಹಾಯಿಸಿದರೆ ಪುಡಿಯಿಂದ ಹಸಿರು ಬೆಳಕು ಹೊರಡುತ್ತದೆ. ತೀರಾ ಮಂದ ಬೆಳಕು, ಕತ್ತಲೆ ಕೋಣೆಯಲ್ಲಿ ಸೂಕ್ಷ್ಮ ಉಪಕರಣ ಇಟ್ಟು ಅಳೆಯಬೇಕಾದಷ್ಟು. ಆದರೆ ಒಳಗೆ ಹೋದದ್ದು ಹಸಿರಲ್ಲ, ಹೊರಗೆ ಬಂದದ್ದು ಹಸಿರು. ದೇವಸ್ಥಾನದಲ್ಲಿ ಒಣದ್ರಾಕ್ಷಿಯ ಜೊತೆ ಅಂಗೈಗೆ ಬೀಳುವ, ಕೆಮ್ಮು ಬಂದರೆ ಅಜ್ಜಿಯಂದಿರು ಕಾಳುಮೆಣಸಿನ ಜೊತೆ ಬಾಯಿಗೆ ಹಾಕುವ ಈ ಹರಳಿಗೆ ಬೆಳಕಿನ ಬಣ್ಣವನ್ನೇ ಬದಲಿಸುವ ಗುಣ ಇದೆ ಎಂದು ತರಗತಿಯಲ್ಲಿ ಹೇಳಿದಾಗ ಹುಡುಗರು ಮೊದಲು ನಂಬುವುದಿಲ್ಲ. ನಂಬದಿರುವುದೇ ಒಳ್ಳೆಯದು. ನಂಬಿಸುವ ಕೆಲಸವನ್ನು ಹರಳೇ ಮಾಡಬೇಕು.

ಕಲ್ಲುಸಕ್ಕರೆ ಮಾಡುವವರ ಕಸುಬಿಗೂ ನನ್ನ ಸಂಶೋಧನೆಗೂ ದೊಡ್ಡ ಅಂತರವಿಲ್ಲ. ಅವರು ಗಟ್ಟಿ ಪಾಕ ಕಾಸುತ್ತಾರೆ, ಪಾತ್ರೆಯೊಳಗೆ ಅಡ್ಡಡ್ಡ ನೂಲು ಕಟ್ಟುತ್ತಾರೆ, ಪಾಕ ಸುರಿದು ಅಲುಗಿಸದೆ ದಿನಗಟ್ಟಲೆ ಬಿಡುತ್ತಾರೆ. ನೂಲಿನ ಸುತ್ತ ಹರಳು ಕಟ್ಟುತ್ತದೆ. ಕಚ್ಚಿದಾಗ ಹಲ್ಲಿಗೆ ಸಿಗುವ ಎಳೆ ಆ ನೂಲಿನದೇ. ನಾವು ಪಾಕದ ಬದಲು ಅಮೈನೋ ಆಮ್ಲದ ದ್ರಾವಣ ಇಡುತ್ತೇವೆ, ನೂಲಿನ ಬದಲು ನೈಲಾನ್ ಎಳೆ, ಎಳೆಯ ತುದಿಗೆ ಎಳ್ಳಿನಷ್ಟು ದೊಡ್ಡ ಬೀಜಹರಳು. ದಕ್ಷಿಣ ಭಾರತದ ಎಷ್ಟೋ ಕಾಲೇಜುಗಳ ಭೌತಶಾಸ್ತ್ರ ವಿಭಾಗಗಳಲ್ಲಿ, ಬೀರುವಿನ ಮೇಲೋ ಕಿಟಕಿಯಿಂದ ದೂರದ ಮೇಜಿನ ಮೇಲೋ, ಪಾಲಿಥಿನ್ ಹೊದಿಸಿ ರಬ್ಬರ್ ಬ್ಯಾಂಡ್ ಹಾಕಿದ ಬೀಕರುಗಳ ಸಾಲೊಂದು ಇದ್ದೇ ಇರುತ್ತದೆ. ಕೋಟಿಗಟ್ಟಲೆ ಬೆಲೆಯ ಯಂತ್ರವಿಲ್ಲದ ಕಾಲೇಜಿನಲ್ಲೂ ನಿಜವಾದ ಭೌತವಿಜ್ಞಾನ ಮಾಡಲು ಬರುವ ಕೆಲವೇ ದಾರಿಗಳಲ್ಲಿ ಇದೊಂದು. ಅದಕ್ಕೇ ನನಗೆ ಇದರ ಮೇಲೆ ಇಷ್ಟು ಮಮತೆ.

ಬಣ್ಣ ಬದಲಾಗುವ ಸಂಗತಿ ಮೊದಲು ಕಂಡದ್ದು 1961ರಲ್ಲಿ. ಅದರ ಹಿಂದಿನ ವರ್ಷವಷ್ಟೇ ಥಿಯೊಡೋರ್ ಮೈಮನ್ ಮಾಣಿಕ್ಯದ ಸರಳಿನಿಂದ ಮೊದಲ ಲೇಸರ್ ಮಾಡಿದ್ದರು. ಮಿಶಿಗನ್ ವಿಶ್ವವಿದ್ಯಾಲಯದ ಪೀಟರ್ ಫ್ರಾಂಕೆನ್ ಮತ್ತು ಸಂಗಡಿಗರು ಅಂಥ ಮಾಣಿಕ್ಯ ಲೇಸರಿನ 694 ನ್ಯಾನೋಮೀಟರ್ ಕೆಂಪು ಬೆಳಕನ್ನು ಸ್ಫಟಿಕಶಿಲೆಯ ತುಂಡೊಂದರ ಮೂಲಕ ಹಾಯಿಸಿದರು. ಆಚೆ ಬದಿಯ ಫೋಟೋ ತಟ್ಟೆಯಲ್ಲಿ ಕೆಂಪಿನ ದೊಡ್ಡ ಕಲೆಯಿಂದ ದೂರದಲ್ಲಿ, 347 ನ್ಯಾನೋಮೀಟರಿನ ಜಾಗದಲ್ಲಿ, ಒಂದು ಚಿಕ್ಕ ಚುಕ್ಕೆ ಮೂಡಿತು. ತರಂಗದೂರ ಸರಿಯಾಗಿ ಅರ್ಧ. ಎಂದರೆ ಆವೃತ್ತಿ ಇಮ್ಮಡಿ. ಈ ಚಿತ್ರವನ್ನು ಅಚ್ಚಿಗೆ ಸಿದ್ಧಮಾಡಿದವರು ಚುಕ್ಕೆಯನ್ನು ಧೂಳಿನ ಕಣ ಎಂದುಕೊಂಡು ಅಳಿಸಿಬಿಟ್ಟರು. ಇವತ್ತಿಗೂ ಆ ಪುಟ ತೆರೆದರೆ ಇಲ್ಲಿ ನೋಡಿ ಎನ್ನುವ ಬಾಣ ಕಾಣುತ್ತದೆ, ಬಾಣದ ಮುಂದೆ ಏನೂ ಇಲ್ಲ. ಒಂದು ಇಡೀ ವಿಜ್ಞಾನಶಾಖೆ ಹುಟ್ಟಿದ ಗುರುತು ಅದು. ಆ ಪುಟದ ಪ್ರತಿಯನ್ನು ನಾನು ಹೊಸದಾಗಿ ಸೇರುವ ಪ್ರತಿಯೊಬ್ಬ ವಿದ್ಯಾರ್ಥಿಗೂ ತೋರಿಸುತ್ತೇನೆ. ಕಣ್ಣಿಗೆ ಬಿದ್ದದ್ದನ್ನು ಕಸ ಎನ್ನುವ ಮೊದಲು ಒಂದು ಗಳಿಗೆ ನಿಲ್ಲುವ ಅಭ್ಯಾಸ ನಮ್ಮ ಕಸುಬಿಗೆ ಬೇಕು.

ಯಾಕೆ ಹೀಗಾಗುತ್ತದೆ ಎಂಬುದನ್ನು ಸೂತ್ರವಿಲ್ಲದೆಯೂ ಹೇಳಬಹುದು. ಬೆಳಕು ಹರಳಿನೊಳಗೆ ಹೋಗುವಾಗ ಅದರ ವಿದ್ಯುತ್ ಕ್ಷೇತ್ರ ಎಲೆಕ್ಟ್ರಾನುಗಳನ್ನು ಒಮ್ಮೆ ಆಚೆಗೆ, ಒಮ್ಮೆ ಈಚೆಗೆ ತಳ್ಳುತ್ತದೆ. ಹರಳಿನ ಒಳಕಟ್ಟು ಎರಡೂ ಕಡೆಗೆ ಒಂದೇ ಥರ ಇದ್ದರೆ ಎಲೆಕ್ಟ್ರಾನು ಎರಡೂ ಕಡೆಗೆ ಒಂದೇ ಅಳತೆಯಲ್ಲಿ ಸರಿದು ಬರುತ್ತದೆ, ಆಗ ಇಮ್ಮಡಿ ಆವೃತ್ತಿಯ ಬೆಳಕು ಹುಟ್ಟುವುದಿಲ್ಲ. ಒಂದು ಕಡೆಗೆ ಸುಲಭ, ಇನ್ನೊಂದು ಕಡೆಗೆ ಕಷ್ಟ ಎಂಬಂಥ ಹರಳಾದರೆ ಸರಿದಾಟದಲ್ಲಿ ವಾಲು ಬರುತ್ತದೆ. ಆ ವಾಲಿನಿಂದಲೇ ಹೊಸ ಬಣ್ಣ. ಹಾಗಾಗಿ ನಮಗೆ ಬೇಕಾದದ್ದು ಸಮಮಿತಿ ಕೇಂದ್ರ ಇಲ್ಲದ ಹರಳು. ಪ್ರಯೋಗಾಲಯಗಳಲ್ಲಿ ಬಳಸುವ ಎನ್‌ಡಿ-ಯಾಗ್ ಲೇಸರಿನ 1064 ನ್ಯಾನೋಮೀಟರ್ ಅವಕೆಂಪು ಇಂಥ ಹರಳನ್ನು ದಾಟಿದರೆ 532 ನ್ಯಾನೋಮೀಟರಿನ ಹಸಿರಾಗುತ್ತದೆ. ನಕ್ಷತ್ರ ವೀಕ್ಷಣೆಯ ಶಿಬಿರಗಳಲ್ಲಿ ಆಕಾಶಕ್ಕೆ ಗೆರೆ ಎಳೆದು ತೋರಿಸುವ ಹಸಿರು ಲೇಸರ್ ಪೆನ್ನಿನೊಳಗೂ ಇದೇ ನಡೆಯುವುದು. ಅದರಲ್ಲಿರುವುದು ಕೆಟಿಪಿ ಎಂಬ ಅಜೈವಿಕ ಹರಳು.

ಇಷ್ಟಾದ ಮೇಲೆ ಅಮೈನೋ ಆಮ್ಲಗಳ ಕಡೆಗೆ ಜನ ಯಾಕೆ ತಿರುಗಿದರು ಎಂಬುದು ತಾನಾಗಿ ತಿಳಿಯುತ್ತದೆ. ನಮ್ಮ ದೇಹದ ಪ್ರೋಟೀನುಗಳನ್ನು ಕಟ್ಟುವ ಇಪ್ಪತ್ತು ಅಮೈನೋ ಆಮ್ಲಗಳಲ್ಲಿ ಗ್ಲೈಸಿನ್ ಒಂದನ್ನು ಬಿಟ್ಟು ಉಳಿದ ಎಲ್ಲಕ್ಕೂ ಎಡ ಬಲ ಎಂಬುದಿದೆ, ಜೀವಜಗತ್ತು ಎಡವನ್ನೇ ಆರಿಸಿಕೊಂಡಿದೆ. ಒಂದು ಪೆಟ್ಟಿಗೆಯಲ್ಲಿ ಬರೀ ಎಡಗಾಲಿನ ಚಪ್ಪಲಿಗಳಿದ್ದರೆ ಅವನ್ನು ಹೇಗೆ ತಿರುಗಿಸಿ ಮುರುಗಿಸಿ ಜೋಡಿಸಿದರೂ ಜೊತೆಯಾಗುವುದಿಲ್ಲ. ಬರೀ ಎಡ ಅಣುಗಳಿಂದಾದ ಹರಳಿನಲ್ಲೂ ಅಷ್ಟೇ, ಸಮಮಿತಿ ಕೇಂದ್ರ ಇರಲು ಸಾಧ್ಯವೇ ಇಲ್ಲ. ಹುಡುಕುವ ಶ್ರಮವನ್ನು ಪ್ರಕೃತಿಯೇ ಅರ್ಧಕ್ಕಿಳಿಸಿ ಕೊಟ್ಟಿದೆ. ಆದರೆ ಶುದ್ಧ ಅಮೈನೋ ಆಮ್ಲದ ಹರಳು ಮೆತ್ತಗೆ, ಶಾಖಕ್ಕೆ ಬೇಗ ಸೋಲುವಂಥದ್ದು. ಅದನ್ನು ಫಾಸ್ಫಾರಿಕ್ ಆಮ್ಲ, ನೈಟ್ರಿಕ್ ಆಮ್ಲ ಅಥವಾ ಲೋಹದ ಲವಣಗಳ ಜೊತೆ ಕೂಡಿಸಿದರೆ ಗಟ್ಟಿತನ ಬರುತ್ತದೆ. ಬೆಳಕಿನ ಗುಣ ಸಾವಯವದ್ದು, ಮೈಕಟ್ಟು ಅಜೈವಿಕದ್ದು. ಸಂಯುಕ್ತ ಹರಳುಗಳ ಆಸೆಯೆಲ್ಲ ಇಷ್ಟರಲ್ಲಿದೆ.

ಎಡ ಬಲದ ಮಾತು ಬಂದಾಗ ಪಾಶ್ಚರನನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. 1848ರಲ್ಲಿ, ಇಪ್ಪತ್ತೈದರ ಹರೆಯದಲ್ಲಿ, ಅವನು ಸೋಡಿಯಂ ಅಮೋನಿಯಂ ಟಾರ್ಟ್ರೇಟಿನ ಹರಳುಗಳನ್ನು ಒಂದೊಂದಾಗಿ ನೋಡುತ್ತ, ಚಿಕ್ಕ ಮುಖವೊಂದು ಎಡಕ್ಕೆ ವಾಲಿದವನ್ನು ಒಂದು ಕಡೆ, ಬಲಕ್ಕೆ ವಾಲಿದವನ್ನು ಇನ್ನೊಂದು ಕಡೆ ಆರಿಸಿಟ್ಟ. ಎರಡು ಗುಡ್ಡೆಗಳ ದ್ರಾವಣಗಳು ಧ್ರುವೀಕೃತ ಬೆಳಕನ್ನು ಎದುರು ಬದುರು ದಿಕ್ಕಿಗೆ ತಿರುಗಿಸಿದವು. ಹಿರಿಯ ವಿಜ್ಞಾನಿ ಬಯೋ ಇದನ್ನು ಸುಮ್ಮನೆ ಒಪ್ಪಲಿಲ್ಲ. ತನ್ನ ಕಣ್ಣೆದುರಿಗೇ ಇನ್ನೊಮ್ಮೆ ಮಾಡಿಸಿ, ಅಳತೆಯನ್ನು ತಾನೇ ತೆಗೆದ ಮೇಲೆ ಒಪ್ಪಿದ. ಆ ಲವಣ ಎಡ ಬಲವಾಗಿ ಬೇರೆಬೇರೆ ಹರಳು ಕಟ್ಟುವುದು ಸುಮಾರು 27 ಡಿಗ್ರಿಗಿಂತ ಕೆಳಗೆ ಮಾತ್ರ. ಪ್ಯಾರಿಸಿನ ತಂಪು ಅವನಿಗೆ ಒದಗಿತು. ಮಂಗಳೂರಿನ ಏಪ್ರಿಲ್ ತಿಂಗಳಲ್ಲಿ ಅದೇ ಬೀಕರನ್ನು ತೆರೆದು ಇಟ್ಟಿದ್ದರೆ ಎಡ ಬಲ ಒಂದೇ ಹರಳಿನಲ್ಲಿ ಬೆರೆತು ಕೂರುತ್ತಿದ್ದವು. ಹರಳಿಗೆ ಊರಿನ ಹವೆಯೂ ಲೆಕ್ಕಕ್ಕಿದೆ.

ಹವೆ ಏನು ಮಾಡುತ್ತದೆ ಎಂಬುದು ಕರಾವಳಿಯಲ್ಲಿ ಹರಳು ಬೆಳೆಸಿದವರಿಗೆ ಚೆನ್ನಾಗಿ ಗೊತ್ತು. ನಾವು ಹೆಚ್ಚಾಗಿ ಮಾಡುವುದು ಮೆಲ್ಲನೆ ಆವಿಯಾಗಿಸುವ ವಿಧಾನ. ಗ್ಲೈಸಿನ್ ಆದರೆ 25 ಡಿಗ್ರಿಯಲ್ಲಿ 100 ಮಿಲಿಲೀಟರ್ ನೀರಿಗೆ ಸುಮಾರು 25 ಗ್ರಾಂ ಹಿಡಿಯುತ್ತದೆ. ಎರಡು ಸಲ ಬಟ್ಟಿ ಇಳಿಸಿದ ನೀರಿನಲ್ಲಿ ಅಷ್ಟನ್ನೂ ಕರಗಿಸಿ, ಮ್ಯಾಗ್ನೆಟಿಕ್ ಸ್ಟಿರರ್ ಮೇಲೆ ಗಂಟೆಗಟ್ಟಲೆ ತಿರುಗಿಸಿ, ಫಿಲ್ಟರ್ ಪೇಪರಿನಲ್ಲಿ ಸೋಸಿ, ಬೀಕರಿನ ಬಾಯಿಗೆ ಪಾಲಿಥಿನ್ ಹಾಳೆ ಬಿಗಿದು ಅದರ ಮೇಲೆ ಸೂಜಿಯಿಂದ ತೂತು ಹಾಕುತ್ತೇವೆ. ತೂತು ಎಷ್ಟು ಎಂಬುದರ ಮೇಲೆ ಹರಳಿನ ಗತಿ ನಿಂತಿದೆ. ನೀರು ಬೇಗ ಹಾರಿದರೆ ಹರಳು ಅವಸರದಲ್ಲಿ ಬೆಳೆದು ಒಳಗೆ ದ್ರಾವಣದ ಹನಿಗಳನ್ನು ಸೆರೆಹಿಡಿಯುತ್ತದೆ, ಆ ಜಾಗ ಬಿಳಿಚಿ ಮಸುಕಾಗುತ್ತದೆ, ಬೆಳಕು ಅಲ್ಲಿ ಚದುರುತ್ತದೆ. ಫೆಬ್ರವರಿಯಲ್ಲಿ ಕಡಿಮೆ ತೂತು ಸಾಕು. ಆಟಿಯ ಮಳೆಯಲ್ಲಿ ಗಾಳಿಯೇ ನೀರಿನಿಂದ ತುಂಬಿರುವಾಗ ಬೀಕರಿನ ನೀರು ಎಲ್ಲಿಗೆ ಹೋಗಬೇಕು? ಹಾಳೆ ಪೂರ್ತಿ ತೆಗೆದಿಟ್ಟರೂ ಮಟ್ಟ ಇಳಿಯುವುದಿಲ್ಲ. ಆ ತಿಂಗಳುಗಳಲ್ಲಿ ವಾಟರ್ ಬಾತ್ ಇಟ್ಟು, ಉಷ್ಣತೆಯನ್ನು ದಿನಕ್ಕೆ ಒಂದು ಡಿಗ್ರಿಯ ಹತ್ತನೇ ಒಂದು ಪಾಲಿನಂತೆ ಇಳಿಸುತ್ತ ಬೆಳೆಸಬೇಕು. ಮಧ್ಯರಾತ್ರಿ ಕರೆಂಟ್ ಹೋಗಿ ಬಾತ್ ತಣ್ಣಗಾದರೆ ಬೆಳಿಗ್ಗೆ ತಳದ ತುಂಬ ಸಾಸಿವೆಯಷ್ಟು ಪುಟ್ಟ ಹರಳುಗಳು ಉದುರಿರುತ್ತವೆ, ದೊಡ್ಡದಕ್ಕೆ ಸೇರಬೇಕಾದ ಪದಾರ್ಥವನ್ನೆಲ್ಲ ಅವೇ ಹಂಚಿಕೊಂಡಿರುತ್ತವೆ.

ನಾನು ಸಂಶೋಧನೆ ಮಾಡುವಾಗ ವಿಭಾಗದಲ್ಲಿದ್ದ ಅಟೆಂಡರಿಗೆ ಇದೆಲ್ಲ ನಮಗಿಂತ ಚೆನ್ನಾಗಿ ಗೊತ್ತಿತ್ತು. ಬೀಗ ತೆಗೆಯುವವರು ಅವರೇ ಆದ್ದರಿಂದ ಬೆಳಗಿನ ಬೀಕರುಗಳನ್ನು ಮೊದಲು ನೋಡುತ್ತಿದ್ದವರೂ ಅವರೇ. ಬಾಗಿಲಿನ ಸದ್ದಿಗೂ ತೀರಾ ಪರ್ಯಾಪ್ತವಾದ ದ್ರಾವಣ ಹರಳು ಉದುರಿಸಬಲ್ಲದು ಎಂದು ಯಾರೋ ಒಮ್ಮೆ ಅವರಿಗೆ ಹೇಳಿದ್ದರಂತೆ. ಅಂದಿನಿಂದ ಎಂಎಸ್‌ಸಿ ಹುಡುಗರಿಗೆಲ್ಲ ಅವರದ್ದು ಒಂದೇ ಮಾತು: "ಬಾಗಿಲು ಮೆಲ್ಲ ಹಾಕಿ ಮಾರಾಯ್ರೆ, ಒಳಗೆ ಹರಳು ಉಂಟು." ನನ್ನನ್ನು ಕಂಡರೆ, "ಎಂಥ ಮೇಡಂ, ಅದಕ್ಕೆ ಮುಖ ಬಂತಲ್ಲ, ನೋಡಿದ್ರಾ?" ಎನ್ನುತ್ತಿದ್ದರು. ಹರಳಿನ ಮೈಮೇಲೆ ಚಪ್ಪಟೆ ಮುಖಗಳು ಮೂಡುವುದನ್ನು ನಾವು ಹೇಳುವುದೂ ಹಾಗೆಯೇ.

ಹರಳನ್ನು ಹೊರಗೆ ತೆಗೆದ ಮೇಲಿನ ಕೆಲಸ ಇನ್ನೂ ನಾಜೂಕು. ಫಿಲ್ಟರ್ ಪೇಪರಿನಲ್ಲಿ ಒತ್ತಿ ಒಣಗಿಸಿ ಭೂತಗನ್ನಡಿಯಲ್ಲಿ ನೋಡಿದರೆ ಮುಖಗಳ ಮೇಲೆ ತೆಳುವಾದ ಮೆಟ್ಟಿಲುಗಳು ಕಾಣುತ್ತವೆ. ಅಣುಗಳು ಪದರಪದರವಾಗಿ ಬಂದು ಕೂತ ಅಂಚುಗಳು ಅವು. ಕೆಲವು ಹರಳುಗಳಲ್ಲಿ ಬೀಜ ಇದ್ದ ಜಾಗ ಮಂಕಾಗಿದ್ದು, ಅದರಿಂದ ಹೊರಕ್ಕೆ ಹೋದ ಹಾಗೆ ಮೈ ತಿಳಿಯಾಗುತ್ತ ಹೋಗುತ್ತದೆ. ನೀರಿನಲ್ಲಿ ಕರಗುವ ಈ ಹರಳುಗಳನ್ನು ಗರಗಸದಿಂದ ಕತ್ತರಿಸುವಂತಿಲ್ಲ, ಸೀಳಿಬಿಡುತ್ತವೆ. ಒದ್ದೆ ಮಾಡಿದ ನೂಲನ್ನು ಹರಳಿನ ಮೇಲೆ ಹಿಂದೆ ಮುಂದೆ ಎಳೆಯುತ್ತ ಹೋಗಬೇಕು. ನೂಲು ತಾಗಿದಷ್ಟೇ ಜಾಗ ಕರಗಿ ಗೆರೆಯಾಗುತ್ತದೆ, ಗೆರೆ ಆಳವಾಗಿ ತುಂಡಾಗುತ್ತದೆ. ಮುಕ್ಕಾಲು ಗಂಟೆ ಕೂತು ನೂಲೆಳೆದು ಒಂದು ಹಲ್ಲೆ ತೆಗೆದು, ಅದನ್ನು ಒದ್ದೆ ರೇಷ್ಮೆ ಬಟ್ಟೆಯ ಮೇಲೆ ಉಜ್ಜಿ, ಅದರ ಕೆಳಗೆ ಪತ್ರಿಕೆ ಇಟ್ಟು ಅಕ್ಷರ ಓದಲು ಬಂದರೆ ಆಗುವ ಸಂತೋಷವನ್ನು ಆ ಕೆಲಸ ಮಾಡಿದವರೇ ಬಲ್ಲರು. ಕರಗುವ ಗುಣವೇ ಇಲ್ಲಿ ಉಳಿಯೂ ಹೌದು, ಉಜ್ಜುಗಲ್ಲೂ ಹೌದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಈ ಹರಳುಗಳ ಜೊತೆ ಹಳೆಯ ನಂಟಿದೆ. ಸಿ. ವಿ. ರಾಮನ್ ಅವರ ಶಿಷ್ಯ ಆರ್. ಎಸ್. ಕೃಷ್ಣನ್ ಅಲ್ಲಿ ಗ್ಲೈಸಿನ್ ಹರಳುಗಳ ರಾಮನ್ ರೋಹಿತ ತೆಗೆದಿದ್ದರು. ಡೊರೊತಿ ಹಾಡ್ಜ್‌ಕಿನ್ ಜೊತೆ ಆಕ್ಸ್‌ಫರ್ಡಿನಲ್ಲಿ ಇನ್ಸುಲಿನ್ ರಚನೆ ಬಿಡಿಸಿ ಮರಳಿದ ಎಂ. ವಿಜಯನ್, ಅಮೈನೋ ಆಮ್ಲಗಳು ಒಂದರ ಜೊತೆ ಒಂದು, ಇತರ ಆಮ್ಲಗಳ ಜೊತೆ ಹೇಗೆ ಕೂಡಿ ಕೂರುತ್ತವೆ ಎಂದು ದಶಕಗಳ ಕಾಲ ಎಕ್ಸ್-ಕಿರಣದಲ್ಲಿ ನೋಡಿದರು. ಬೆಳಕಿನ ಉಪಯೋಗಕ್ಕಾಗಿ ಅಲ್ಲ, ಜೀವ ಹುಟ್ಟುವ ಮೊದಲು ಈ ಅಣುಗಳು ಒಂದನ್ನೊಂದು ಹೇಗೆ ಗುರುತಿಸಿದವು ಎಂಬ ಪ್ರಶ್ನೆಗಾಗಿ. ಗ್ಲೈಸಿನ್ ಭೂಮಿಯ ಸೊತ್ತೇನೂ ಅಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿ ಬಿದ್ದ ಉಲ್ಕಾಶಿಲೆಯಲ್ಲಿ ಅದು ಸಿಕ್ಕಿದೆ, ಸ್ಟಾರ್‌ಡಸ್ಟ್ ನೌಕೆ ಧೂಮಕೇತುವಿನಿಂದ ತಂದ ಧೂಳಿನಲ್ಲೂ ಇದೆ ಎಂದು 2009ರಲ್ಲಿ ಗೊತ್ತಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯದೇ ಭೌತವಿಜ್ಞಾನ ವಿಭಾಗದಲ್ಲಿ ಎಚ್. ಎಲ್. ಭಟ್ ಹರಳು ಬೆಳೆಸುವುದನ್ನೇ ಜೀವಮಾನದ ಕೆಲಸ ಮಾಡಿಕೊಂಡು, ಆ ವಿದ್ಯೆಯ ಬಗ್ಗೆ ಒಳ್ಳೆಯ ಪಠ್ಯಪುಸ್ತಕ ಬರೆದರು. ನಮ್ಮ ಕರಾವಳಿಗೂ ಇದರಲ್ಲಿ ಪಾಲಿದೆ. ಮಂಗಳೂರು ವಿಶ್ವವಿದ್ಯಾಲಯದ ಎಂ. ನಾರಾಯಣ ಭಟ್ ಮತ್ತು ಎಸ್. ಎಂ. ಧರ್ಮಪ್ರಕಾಶ್ 2002ರಲ್ಲಿ ಗಾಮಾ ಗ್ಲೈಸಿನ್ ಹರಳುಗಳ ಬಗ್ಗೆಯೂ, ಗ್ಲೈಸಿನ್ ಸೋಡಿಯಂ ನೈಟ್ರೇಟ್ ಬಗ್ಗೆಯೂ ಬರೆದ ಪ್ರಬಂಧಗಳನ್ನು ಈ ಕ್ಷೇತ್ರದವರು ಇಂದಿಗೂ ಎತ್ತಿ ಹೇಳುತ್ತಾರೆ.

ಗಾಮಾ ಗ್ಲೈಸಿನ್ ಎಂದೆನಲ್ಲ, ಈ ಬರಹದ ತಿರುಳೇ ಅದು. ಗ್ಲೈಸಿನ್ ಅತ್ಯಂತ ಸರಳ ಅಮೈನೋ ಆಮ್ಲ, ರುಚಿಗೆ ಸಿಹಿ, ಎಡ ಬಲ ಇಲ್ಲ. ಆದರೆ ಅದೇ ಅಣು ಮೂರು ಬಗೆಯಲ್ಲಿ ಹರಳುಗಟ್ಟುತ್ತದೆ. ಬರೀ ನೀರಿನಿಂದ ಸಾಮಾನ್ಯವಾಗಿ ಬರುವುದು ಆಲ್ಫಾ. ಅಣುಗಳು ಜೋಡಿಜೋಡಿಯಾಗಿ ಎದುರು ಬದುರು ಕೂರುವುದರಿಂದ ಅದಕ್ಕೆ ಸಮಮಿತಿ ಕೇಂದ್ರವಿದೆ, ಹಸಿರು ಬೆಳಕು ಅದರಿಂದ ಬರುವುದಿಲ್ಲ. ನೀರಿಗೆ ಆಲ್ಕೋಹಾಲ್ ಬೆರೆಸಿದರೆ ಬೀಟಾ, ಅದು ಬಾಳುವಂಥದ್ದಲ್ಲ. ದ್ರಾವಣಕ್ಕೆ ಆಮ್ಲವನ್ನೋ ಕ್ಷಾರವನ್ನೋ ಅಡುಗೆ ಉಪ್ಪಿನಂಥ ಲವಣವನ್ನೋ ಸೇರಿಸಿದರೆ ಗಾಮಾ. ಅದರಲ್ಲಿ ಅಣುಗಳು ಸುರುಳಿ ಸುತ್ತುತ್ತ ಒಂದೇ ದಿಕ್ಕಿಗೆ ತಲೆ ಹಾಕಿ ಸಾಗುತ್ತವೆ, ಸಮಮಿತಿ ಕೇಂದ್ರ ಇಲ್ಲ, ಬೆಳಕು ಇಮ್ಮಡಿಸುತ್ತದೆ. ಕೋಣೆಯ ಉಷ್ಣತೆಯಲ್ಲಿ ಮೂರರಲ್ಲಿ ಹೆಚ್ಚು ಸ್ಥಿರವಾದದ್ದು ಗಾಮಾವೇ, ಆದರೂ ನೀರಿನಲ್ಲಿ ಆಲ್ಫಾ ಮುನ್ನುಗ್ಗಿ ಬರುತ್ತದೆ. ಒಂದೇ ಬಾಟಲಿಯ ಬಿಳಿ ಪುಡಿ ಒಂದು ಬೀಕರಿನಲ್ಲಿ ಬೆಳಕಿನ ಪಾಲಿಗೆ ಸತ್ತ ಹರಳಾಗುತ್ತದೆ, ಪಕ್ಕದ ಬೀಕರಿನಲ್ಲಿ ಚಿಟಿಕೆ ಉಪ್ಪಿನ ದೆಸೆಯಿಂದ ಜೀವಂತ ಹರಳಾಗುತ್ತದೆ. ಇಷ್ಟು ವರ್ಷವಾದರೂ ನನಗೆ ಇದರ ವಿಸ್ಮಯ ಕುಂದಿಲ್ಲ.

ತೊಡಕು ಶುರುವಾಗುವುದೂ ಇಲ್ಲೇ. ಗ್ಲೈಸಿನ್ ದ್ರಾವಣಕ್ಕೆ ಯಾವುದೋ ಲವಣ ಹಾಕುತ್ತಾರೆ, ಚೆಂದದ ಹರಳು ಬರುತ್ತದೆ, ಪುಡಿ ಮಾಡಿ ಲೇಸರ್ ಹಾಯಿಸಿದರೆ ಹಸಿರು ಬರುತ್ತದೆ. ಬೀಕರಿಗೆ ಎರಡು ಪದಾರ್ಥ ಹಾಕಿದ್ದೇವೆ, ಆದ್ದರಿಂದ ಹರಳಿನಲ್ಲೂ ಎರಡಿವೆ ಎಂದುಕೊಂಡು ಹೊಸ ಸಂಯುಕ್ತದ ಹೆಸರು ಕೊಟ್ಟು ಪ್ರಕಟಿಸುತ್ತಾರೆ. ಹರಳಿಗೆ ಆ ಲವಣ ಬೇಕಾಗಿರಲೇ ಇಲ್ಲ. ಅದು ದ್ರಾವಣದಲ್ಲಿ ನಿಂತು ಆಲ್ಫಾವನ್ನು ತಡೆದು ಗಾಮಾಕ್ಕೆ ದಾರಿಮಾಡಿತು, ಅಷ್ಟೇ. ಸೋಡಿಯಂ ನೈಟ್ರೇಟ್ ಗ್ಲೈಸಿನ್ ಜೊತೆ ನಿಜವಾಗಿಯೂ ಕೂಡಿ ಹೊಸ ಹರಳಾಗುತ್ತದೆ, ಸೋಡಿಯಂ ಕ್ಲೋರೈಡ್ ಹೊರಗೇ ಉಳಿಯುತ್ತದೆ. ನೋಡಲು ಎರಡೂ ಬಿಳಿ ಉಪ್ಪು, ಮಾಡುವ ವಿಧಾನವೂ ಒಂದೇ. ಹೀಗೆ ಹೊಸ ಹೆಸರು ಹೊತ್ತು ಪ್ರಕಟವಾದ ಎಷ್ಟೋ ಹರಳುಗಳು ಹಳೆಯ ಗಾಮಾ ಗ್ಲೈಸಿನ್ ಅಥವಾ ಬರೀ ಎಲ್-ಅಲನಿನ್ ಎಂಬ ಎಡ ಅಮೈನೋ ಆಮ್ಲ ಎಂದು ಗೋವಾ ವಿಶ್ವವಿದ್ಯಾಲಯದ ಬಿ. ಆರ್. ಶ್ರೀನಿವಾಸನ್ ವರ್ಷಗಟ್ಟಲೆ ಪತ್ರಿಕೆಗಳಿಗೆ ಬರೆಯುತ್ತ ಬಂದರು. ವಿಯೆನ್ನಾದ ಮಿಶೆಲ್ ಫ್ಲೆಕ್ ಮತ್ತು ಆರ್ಮೇನಿಯಾದ ಅರಾಮ್ ಪೆಟ್ರೋಸ್ಯಾನ್ 2010ರಲ್ಲಿ ಇದೇ ವಿಷಯಕ್ಕೆ ಒಂದು ಪ್ರಬಂಧ ಮೀಸಲಿಟ್ಟು, 2014ರಲ್ಲಿ ಅಮೈನೋ ಆಮ್ಲಗಳ ಲವಣಗಳ ಬಗ್ಗೆ ದೊಡ್ಡ ಗ್ರಂಥವನ್ನೇ ತಂದರು. ಅವರು ಮಾಡಿದ್ದು ತಪ್ಪು ಹುಡುಕುವ ಕೆಲಸ ಎಂದು ಬೇಸರಪಟ್ಟುಕೊಂಡವರನ್ನು ನಾನು ಕಂಡಿದ್ದೇನೆ. ನನ್ನ ಪಾಲಿಗೆ ಅದು ಈ ಕ್ಷೇತ್ರಕ್ಕೆ ಆದ ಅತಿ ದೊಡ್ಡ ಉಪಕಾರ. ಬೆಳೆಸುವುದು ತಾಳ್ಮೆಯಿದ್ದರೆ ಯಾರಿಗೂ ಬರುತ್ತದೆ. ಬೆಳೆದದ್ದು ಏನು ಎಂದು ಗುರುತಿಸುವುದೇ ನಮ್ಮ ವಿದ್ಯೆ.

ಕಾರಣಗಳು ನನಗೆ ತಿಳಿಯದವಲ್ಲ. ಪದವಿಗೆ ಪ್ರಬಂಧ ಬೇಕು, ಬಡ್ತಿಗೆ ಪ್ರಬಂಧ ಬೇಕು. ಎಕ್ಸ್-ಕಿರಣ ಯಂತ್ರ ಇರುವುದು ದೂರದ ಊರಿನಲ್ಲಿ. ನಮ್ಮ ಕಡೆಯ ಕಾಲೇಜುಗಳವರು ಏಕಹರಳಿನ ಎಕ್ಸ್-ಕಿರಣ ಪರೀಕ್ಷೆಗೆ ಚೆನ್ನೈನ ಐಐಟಿಗೆ, ಹಸಿರು ಬೆಳಕಿನ ಪರೀಕ್ಷೆಗೆ ಬೆಂಗಳೂರಿಗೆ ಪೊಟ್ಟಣ ಕಟ್ಟಿ ಕಳಿಸಿ ಕಾಯುತ್ತಾರೆ. ಹಸಿರು ಬೆಳಕಿನದು ಕರ್ಟ್ಸ್ ಮತ್ತು ಪೆರಿ 1968ರಲ್ಲಿ ಹೇಳಿಕೊಟ್ಟ ಪುಡಿ ಪರೀಕ್ಷೆ, ಕೆಡಿಪಿ ಎಂಬ ಹಳೆಯ ಅಜೈವಿಕ ಹರಳಿನ ಪುಡಿಯ ಜೊತೆ ಹೋಲಿಸಿ ಇಷ್ಟು ಪಟ್ಟು ಎಂದು ಹೇಳುತ್ತಾರೆ. ಆದರೆ ಆ ಸಂಖ್ಯೆ ಹರಳು ಯಾವುದು ಎಂದು ಹೇಳುವುದಿಲ್ಲ. ಅದನ್ನು ಹೇಳುವುದು ಏಕಕೋಶದ, ಎಂದರೆ ಹರಳಿನೊಳಗೆ ಮತ್ತೆ ಮತ್ತೆ ಬರುವ ಅತಿ ಚಿಕ್ಕ ಘಟಕದ, ಅಳತೆ. ಷಟ್ಕೋನ ಕೋಶ, ಒಂದು ಬದಿ 7.04 ಆಂಗ್‌ಸ್ಟ್ರಾಂ, ಎತ್ತರ 5.48 ಎಂದು ಬಂದರೆ ಬೀಕರಿಗೆ ಏನೇ ಹಾಕಿರಲಿ, ಕೈಯಲ್ಲಿರುವುದು ಗಾಮಾ ಗ್ಲೈಸಿನ್. 6.03, 12.34, 5.78 ಎಂದು ಬಂದರೆ ಎಲ್-ಅಲನಿನ್. ಈ ಅಂಕಿಗಳನ್ನು ನನ್ನ ವಿದ್ಯಾರ್ಥಿಗಳು ಬಾಯಿಪಾಠ ಮಾಡಿರಲೇಬೇಕು. ಯಂತ್ರಕ್ಕೆ ಕಾಯದೆಯೂ ಕೇಳಬಹುದಾದ ಪ್ರಶ್ನೆಗಳಿವೆ. ಹರಳಿನಲ್ಲಿ ಕ್ಲೋರೈಡ್ ಇದೆ ಎನ್ನುವವರು ಮೇಲ್ಮೈಯನ್ನು ಚೆನ್ನಾಗಿ ತೊಳೆದು, ಚೂರು ಕರಗಿಸಿ, ನೈಟ್ರಿಕ್ ಆಮ್ಲದ ಜೊತೆ ಒಂದು ಹನಿ ಸಿಲ್ವರ್ ನೈಟ್ರೇಟ್ ಹಾಕಲಿ. ಬಿಳಿ ಒತ್ತರ ಬಂದರೆ ಇದೆ, ಬಾರದಿದ್ದರೆ ಇಲ್ಲ. ಪಿಯುಸಿ ಮಕ್ಕಳು ಸಾಲ್ಟ್ ಅನಾಲಿಸಿಸ್‌ನಲ್ಲಿ ಮಾಡುವ ಪರೀಕ್ಷೆ ಇದು. ನಮ್ಮ ಬೀಕರುಗಳ ಮೇಲೆ ಹಚ್ಚುವ ಚೀಟಿಯಲ್ಲೂ ಹಾಕಿದ್ದು ಏನು, ಎಷ್ಟು, ಯಾವ ಉಷ್ಣತೆ ಎಂದಷ್ಟೇ ಇರುತ್ತದೆ. ಬಂದದ್ದರ ಹೆಸರು ಇರುವುದಿಲ್ಲ.

ಈ ಕ್ಷೇತ್ರದ ದೊಡ್ಡ ಆಸೆ ಚೀನಾದಿಂದ ಬಂದದ್ದು. 1980ರ ದಶಕದ ಮೊದಲ ವರ್ಷಗಳಲ್ಲಿ ಶಾನ್‌ಡಾಂಗ್ ವಿಶ್ವವಿದ್ಯಾಲಯದವರು ಎಲ್-ಆರ್ಜಿನೀನ್ ಮತ್ತು ಫಾಸ್ಫಾರಿಕ್ ಆಮ್ಲ ಸೇರಿದ ಹರಳನ್ನು ಬೆಳೆಸಿದರು. ಎಲ್‌ಎಪಿ ಎಂದು ಅದರ ಹೆಸರು. ಬೆಳಕನ್ನು ಇಮ್ಮಡಿಸುವುದರಲ್ಲಿ ಕೆಡಿಪಿಯನ್ನು ಮೀರಿಸಿತು, ಪ್ರಬಲ ಲೇಸರನ್ನೂ ತಾಳಿಕೊಂಡಿತು. ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯದವರೂ ಅದರ ಬೆನ್ನುಹತ್ತಿದರು. ಆದರೆ ಅಮೈನೋ ಆಮ್ಲ ಎಂದರೆ ಆಹಾರ. ವಾರಗಟ್ಟಲೆ ಬೆಚ್ಚಗೆ ಇಟ್ಟ ದ್ರಾವಣದಲ್ಲಿ ಬೂಷ್ಟು ಬೆಳೆಯುತ್ತದೆ, ಬೂದುಬಣ್ಣದ ಎಳೆಗಳು ತೇಲಿ ಬಂದು ಹರಳಿನ ಮುಖಕ್ಕೆ ಅಂಟುತ್ತವೆ. ಹರಳಿಗೂ ಬೂಷ್ಟಿಗೂ ಒಂದೇ ಬೀಕರಿನಲ್ಲಿ ಪೈಪೋಟಿ. ಲಿವರ್‌ಮೋರಿನ ಬೃಹತ್ ಲೇಸರಿಗೆ ಕೊನೆಗೂ ಒದಗಿದ್ದು ಹಳೆಯ ಕೆಡಿಪಿಯೇ. ರಷ್ಯಾದಿಂದ ಹೋದ ನತಾಲಿಯಾ ಝೈತ್ಸೆವಾ ಮತ್ತು ಸಂಗಡಿಗರು ಒಂದೊಂದು 300 ಕಿಲೋ ಮೀರಿದ ಕೆಡಿಪಿ ಹರಳುಗಳನ್ನು ಎರಡು ತಿಂಗಳಿನ ಒಳಗೆ ಬೆಳೆಸಿ ತೋರಿಸಿದರು. ಬೆಳಕಿನ ಬಣ್ಣ ಬದಲಿಸುವ ಮಾರುಕಟ್ಟೆಯಲ್ಲಿ ಅಮೈನೋ ಆಮ್ಲದ ಹರಳು ಇನ್ನೂ ತನ್ನ ಜಾಗ ಗಿಟ್ಟಿಸಿಕೊಂಡಿಲ್ಲ. ಇದನ್ನು ವಿದ್ಯಾರ್ಥಿಗಳಿಂದ ಮುಚ್ಚಿಡುವುದು ಸರಿಯಲ್ಲ.

ಆದರೆ ಅದೇ ಮನೆತನದ ಇನ್ನೊಂದು ಹರಳು ಸದ್ದಿಲ್ಲದೆ ಲೋಕದ ತುಂಬ ದುಡಿಯುತ್ತಿದೆ. ಮೂರು ಗ್ಲೈಸಿನ್ ಅಣುಗಳಿಗೆ ಒಂದು ಸಲ್ಫ್ಯೂರಿಕ್ ಆಮ್ಲ ಸೇರಿದ ಟ್ರೈಗ್ಲೈಸಿನ್ ಸಲ್ಫೇಟ್, ಚಿಕ್ಕದಾಗಿ ಟಿಜಿಎಸ್. 1956ರಲ್ಲಿ ಬೆಲ್ ಪ್ರಯೋಗಾಲಯದ ಮಥಾಯಸ್, ಮಿಲ್ಲರ್, ರೆಮಿಕಾ ಅದರ ವಿದ್ಯುತ್ ಗುಣವನ್ನು ಕಂಡರು. ಹರಳಿನೊಳಗಿನ ಅಣುಗಳು ಒಂದೇ ದಿಕ್ಕಿಗೆ ವಾಲಿ ಕೂತಿರುವುದರಿಂದ ಅದಕ್ಕೆ ತನ್ನದೇ ಧನ ಮತ್ತು ಋಣ ತುದಿಗಳಿವೆ, ಸ್ವಲ್ಪ ಶಾಖ ತಾಗಿದರೂ ಆ ವಾಲು ಬದಲಾಗಿ ವಿದ್ಯುತ್ ಹೊಮ್ಮುತ್ತದೆ. ಅವಕೆಂಪು ಕಿರಣವನ್ನು ಹಿಡಿಯಲು ಇದಕ್ಕಿಂತ ಒಳ್ಳೆಯ ಗುಣ ಬೇಕೇ? ಒಂದೇ ತೊಂದರೆ. 49 ಡಿಗ್ರಿ ದಾಟಿದರೆ ವಾಲು ಮಾಯವಾಗುತ್ತದೆ, ತಣ್ಣಗಾದ ಮೇಲೆ ಒಂದಷ್ಟು ಭಾಗ ಒಂದು ಕಡೆಗೆ, ಉಳಿದದ್ದು ತದ್ವಿರುದ್ಧ ದಿಕ್ಕಿಗೆ ವಾಲುತ್ತದೆ. ಇದಕ್ಕೆ 1970ರ ದಶಕದ ಹೊತ್ತಿಗೆ ಸಿಕ್ಕ ಉಪಾಯ ನನಗೆ ಬಹಳ ಇಷ್ಟ. ಗ್ಲೈಸಿನ್‌ಗೆ ಎಡ ಬಲ ಇಲ್ಲ, ಎಲ್-ಅಲನಿನ್‌ಗೆ ಇದೆ. ಬೆಳೆಯುವ ದ್ರಾವಣಕ್ಕೆ ಕೊಂಚ ಎಲ್-ಅಲನಿನ್ ಸೇರಿಸಿದರೆ ಅಲ್ಲೊಂದು ಇಲ್ಲೊಂದು ಗ್ಲೈಸಿನ್ ಜಾಗದಲ್ಲಿ ಅದು ಹೋಗಿ ಕೂರುತ್ತದೆ. ಎಡ ಅಣುವಾದ್ದರಿಂದ ಅದು ದಿಕ್ಕು ಬದಲಿಸಲು ಬಿಡುವುದಿಲ್ಲ, ಸುತ್ತಲಿನವೆಲ್ಲ ಅದರ ಕಡೆಗೇ ವಾಲುತ್ತವೆ. ಎಷ್ಟು ಸಲ ಬಿಸಿಯಾಗಿ ತಣ್ಣಗಾದರೂ ಹರಳು ತನ್ನ ದಿಕ್ಕು ಮರೆಯುವುದಿಲ್ಲ. ಇಲ್ಲಿ ಸೇರಿಸಿದ ಪದಾರ್ಥ ನಿಜವಾಗಿಯೂ ಹರಳಿನೊಳಗೆ ಹೋಗಿದೆ, ಒಳಗೆ ಹೋಗಿ ಏನು ಮಾಡಿತು ಎಂಬುದಕ್ಕೂ ಅಳತೆಯ ಸಾಕ್ಷಿ ಇದೆ.

ಈ ಟಿಜಿಎಸ್ ಬಾಹ್ಯಾಕಾಶಕ್ಕೂ ಹೋಗಿ ಬಂತು. 1985ರಲ್ಲಿ ಸ್ಪೇಸ್‌ಲ್ಯಾಬ್-3 ಎಂಬ ಬಾಹ್ಯಾಕಾಶ ಯಾನದಲ್ಲಿ ಅದನ್ನು ಬೆಳೆಸಿ ನೋಡಿದರು. ಗುರುತ್ವ ಇಲ್ಲದಿದ್ದರೆ ದ್ರಾವಣದೊಳಗೆ ಮೇಲೆ ಕೆಳಗೆ ಹರಿವು ಏಳುವುದಿಲ್ಲ, ಅಣುಗಳು ತಮ್ಮಷ್ಟಕ್ಕೆ ತೇಲಿ ಬಂದು ಹರಳಿಗೆ ಸೇರುತ್ತವೆ. ಆ ಯಾನದಲ್ಲಿ ಹೋದವರಲ್ಲಿ ಲೊಡೆವೈಕ್ ವಾನ್ ಡೆನ್ ಬರ್ಗ್ ಎಂಬವರು ಹರಳು ಬೆಳೆಸುವುದನ್ನೇ ವೃತ್ತಿ ಮಾಡಿಕೊಂಡವರು. ನಮ್ಮ ಕಸುಬಿನವರೊಬ್ಬರು ಆ ಎತ್ತರಕ್ಕೆ ಹೋದರು ಎಂದು ನನಗೆ ಹೆಮ್ಮೆ.

ಡ್ಯುಟೀರಿಯಂ ಸೇರಿಸಿ, ಎಲ್-ಅಲನಿನ್ ಬೆರೆಸಿ ಬೆಳೆಸಿದ ಟಿಜಿಎಸ್ ಹರಳಿನ ತೆಳು ಹಲ್ಲೆ ಇಂದು ಬಹಳಷ್ಟು ಎಫ್‌ಟಿಐಆರ್ ಯಂತ್ರಗಳ ಒಳಗೆ ಕೂತಿದೆ. ಔಷಧ ಕಾರ್ಖಾನೆಯಲ್ಲಿ, ಬಣ್ಣದ ಕಾರ್ಖಾನೆಯಲ್ಲಿ, ಕಾಲೇಜುಗಳಲ್ಲಿ ಪದಾರ್ಥಗಳ ಗುರುತು ಹಿಡಿಯುವ ಯಂತ್ರ ಅದು. ಗ್ಲೈಸಿನ್ ಹರಳು ಆಲ್ಫಾವೋ ಗಾಮಾವೋ ಎಂದು ತಿಳಿಯಲು ನಾವು ಹೋಗುವುದೂ ಆ ಯಂತ್ರದ ಬಳಿಗೇ. ಅದು ಕೊಡುವ ಅವಕೆಂಪು ರೋಹಿತದಲ್ಲಿ ಆಲ್ಫಾ ಆದರೆ ತರಂಗಸಂಖ್ಯೆ 910ರ ಹತ್ತಿರ ಒಂದು ಪಟ್ಟಿ, ಗಾಮಾ ಆದರೆ ಅದು 930ರ ಹತ್ತಿರಕ್ಕೆ ಸರಿದಿರುತ್ತದೆ. ಪರೀಕ್ಷೆಗೆ ಇಟ್ಟದ್ದು ಗ್ಲೈಸಿನ್, ಪರೀಕ್ಷಿಸುವ ಕಣ್ಣೂ ಗ್ಲೈಸಿನ್. ಈ ಹರಳುಗಳಿಂದ ಲೋಕಕ್ಕೆ ಏನು ಪ್ರಯೋಜನ ಎಂದು ಕೇಳುವವರಿಗೆ ನಾನು ಆ ಯಂತ್ರವನ್ನೇ ತೋರಿಸುತ್ತೇನೆ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ವಿದ್ಯಾರ್ಥಿನಿಯೊಬ್ಬಳು ಗ್ಲೈಸಿನ್‌ಗೆ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿ ಹರಳು ತೆಗೆದಳು. ಕಿರುಬೆರಳಿನ ಉಗುರಿನಷ್ಟು ದೊಡ್ಡದು, ತಿಳಿಯಾದದ್ದು. ಎಫ್‌ಟಿಐಆರ್ ಹಾಳೆ ಹಿಡಿದು ನನ್ನ ಕೋಣೆಗೆ ಬಂದಳು.

"ಮೇಡಂ, 929. ಇದು ಗಾಮಾ ಅಲ್ವಾ?"

"ಕ್ಲೋರೈಡ್ ನೋಡಿದೆಯಾ?"

"ತೊಳೆದು ಸಿಲ್ವರ್ ನೈಟ್ರೇಟ್ ಹಾಕಿದೆ, ಮೇಡಂ. ಬಿಳಿ ಬರ್ಲಿಲ್ಲ. ತೊಳೀದೆ ಹಾಕಿದ್ರೆ ಬರ್ತದೆ."

ತೊಳೆಯದೆಯೂ ಹಾಕಿ ನೋಡಿದ್ದಳು ಎಂಬುದು ನನಗೆ ಅವಳ ಇಡೀ ಹಾಳೆಗಿಂತ ಹಿತವಾಯಿತು. ದಾಖಲೆ ಪುಸ್ತಕದಲ್ಲಿ ಗಾಮಾ ಗ್ಲೈಸಿನ್ ಎಂದು ಬರೆದು, ಎಕ್ಸ್-ಕಿರಣಕ್ಕೆಂದು ಒಂದು ಚೂರನ್ನು, ಮುಂದಿನ ಬ್ಯಾಚಿಗೆ ಬೀಜವೆಂದು ಇನ್ನೊಂದನ್ನು ಎತ್ತಿಟ್ಟಳು. ಉಳಿದದ್ದನ್ನು ಪುಡಿ ಮಾಡಿ ಪೊಟ್ಟಣ ಕಟ್ಟಿ, ಬೆಂಗಳೂರಿನ ವಿಳಾಸ ಬರೆದು ಸಂಜೆಯ ಕೊರಿಯರ್‌ಗೆ ಕೊಟ್ಟು ಬಂದಳು.